ಒಂದು ಪರ್ಸೆಂಟ್ ಉಳಿತಾಯ

ನನ್ನ ಗಂಡ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಒಂದು ದಿನವೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿದವರಲ್ಲ. ಬಸ್ಸಿಗೆ ಅದು ಒಳ್ಳೆಯದೇ, ಬೇಡ ಅನ್ನಲಾರೆ. ಆದರೆ ಆ ಬುದ್ಧಿಯನ್ನು ನನ್ನ ಲ್ಯಾಪ್‌ಟಾಪಿಗೂ ಕಲಿಸಿದ್ದಾರೆ ಅಂತ ಗೊತ್ತಾಗಿದ್ದು ಒಂದು ಕಾರ್ಟೂನ್ ಸ್ಪರ್ಧೆಗೆ ಕಳಿಸುವ ಕೊನೆಯ ದಿನ.

ನಾನು ಚಿತ್ರಕಲೆ ಟೀಚರ್. ಎರಡು ವರ್ಷ ಕೂತು ಮೂರು ನಿಮಿಷದ ಕಾರ್ಟೂನ್ ಮಾಡಿದ್ದೆ. ಸಂಜೆ ಐದರೊಳಗೆ ಕಳಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ, ಚಿತ್ರಗಳನ್ನೆಲ್ಲ ಸೇರಿಸಿ ಸಿನಿಮಾ ಮಾಡುವ ಕೊನೆಯ ಕೆಲಸಕ್ಕೆ ಇಟ್ಟರೆ ಪರದೆ ಹೇಳಿತು: ಇನ್ನೂ ಎಂಟು ಗಂಟೆ. ಅಂದರೆ ಸಂಜೆ ಏಳು!

ಕಂಪ್ಯೂಟರ್ ರಿಪೇರಿ ಮಾಡುವ ನಾದಿನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅದೂ ಇದೂ ತೆರೆಸಿ ಕೇಳಿದಳು, "ಅತ್ತಿಗೆ, ಪ್ರೊಸೆಸರ್ ಸ್ಪೀಡ್ ಎಷ್ಟಿದೆ?"

"ಎರಡು ಪಾಯಿಂಟ್ ಒಂದು ಗಿಗಾಹರ್ಟ್ಸ್. ಅಲ್ಲಾಡ್ತಾನೇ ಇಲ್ಲ."

"ಭಾರ ಬಿದ್ದಾಗ ನಿಮ್ಮ ಪ್ರೊಸೆಸರ್ ತಾನೇ ಬೂಸ್ಟ್ ಆಗಿ ಮೂರು, ನಾಲ್ಕಕ್ಕೆ ಏರ್ಬೇಕು. ಪವರ್ ಸೆಟ್ಟಿಂಗಲ್ಲಿ ಗರಿಷ್ಠ ಎಷ್ಟಿದೆ?"

"ತೊಂಬತ್ತೊಂಬತ್ತು ಪರ್ಸೆಂಟ್."

"ಯಾರು ಹಾಗೆ ಇಟ್ಟಿದ್ದು?"

ಬಾಗಿಲ ಬಳಿ ಪೇಪರ್ ಓದುತ್ತಿದ್ದ ನಮ್ಮವರು ಅದನ್ನು ಮುಖದ ಮೇಲಕ್ಕೆ ಎತ್ತಿಕೊಂಡರು.

"ರೀ!"

"ತಂದ ವಾರವೇ ಬಿಸಿ ಎಂಬತ್ತೆಂಟು ಡಿಗ್ರಿ ತೋರಿಸ್ತು ಕಣೆ, ಹೆದರಿಕೆ ಆಯ್ತು. ಯಾವುದೋ ವಿಡಿಯೋ ನೋಡಿ ಒಂದೇ ಒಂದು ಪರ್ಸೆಂಟ್ ತಾನೇ ಕಮ್ಮಿ ಮಾಡಿದ್ದು?"

ನಾದಿನಿ ಬಿದ್ದು ಬಿದ್ದು ನಕ್ಕಳು. "ಅಣ್ಣಾ, ಇದ್ರಲ್ಲಿ ನೂರಕ್ಕಿಂತ ಒಂದು ಕಮ್ಮಿ ಆದ್ರೂ ಬೂಸ್ಟ್ ಪೂರ್ತಿ ಬಂದ್!"

ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ತೆವಳಿದಾಗಲೆಲ್ಲ, ವಯಸ್ಸಾಯಿತು, ಇದು ನನ್ನ ಕೈಲಾಗದು ಅಂತ ಎರಡು ವರ್ಷ ನನ್ನನ್ನೇ ಬೈದುಕೊಂಡಿದ್ದೆ.

ನೂರು ಒತ್ತಿದೆ. ವೇಗ ಮೂರೂವರೆ ದಾಟಿತು, ಫ್ಯಾನ್ ಬೊಬ್ಬೆ ಹಾಕಿತು, ಬಿಸಿ ಎಂಬತ್ತೊಂಬತ್ತಕ್ಕೆ ಏರಿತು. ಅವರ ಮುಖ ಬಿಳಿಚಿಕೊಂಡಿತು. "ಸುಟ್ಟುಹೋಗುತ್ತೆ, ಇಳಿಸು!"

"ಇದರ ಮಿತಿ ನೂರು ಡಿಗ್ರಿ ಅಣ್ಣಾ. ಹತ್ತಿರ ಬಂದ್ರೆ ತಾನೇ ವೇಗ ಇಳಿಸ್ಕೊಳ್ಳುತ್ತೆ. ಕೆಳಗಡೆ ಗಾಳಿ ಆಡೋ ಹಾಗೆ ಸ್ವಲ್ಪ ಎತ್ತಿಡು, ಸಾಕು. ಅದಿರಲಿ, ನಿನ್ನ ಬಸ್ಸಿನ ಎಂಜಿನ್ ಎಷ್ಟು ಬಿಸೀಲಿ ಚೆನ್ನಾಗಿ ಓಡ್ತಿತ್ತು?"

ಅವರು ಪೇಪರ್ ಮಡಚಿಟ್ಟರು. "ತೊಂಬತ್ತು," ಅಂದರು ಮೆಲ್ಲಗೆ. "ತಣ್ಣಗಿದ್ರೆ ಸರಿಯಾಗಿ ಎಳೆಯೋದೇ ಇಲ್ಲ."

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ನನ್ನ ಬಣ್ಣದ ಡಬ್ಬಿಗಳ ಮೇಲೆ ಲ್ಯಾಪ್‌ಟಾಪ್ ಎತ್ತಿಟ್ಟು, ಸ್ಟೀರಿಂಗ್ ಮುಂದೆ ಕೂತ ಹಾಗೆ ಎದುರಿಗೇ ಕೂತರು. ಊಟಕ್ಕೂ ಏಳಲಿಲ್ಲ. "ಎಂಬತ್ತಾರು! ಎಂಬತ್ತೈದು! ಚೆನ್ನಾಗಿ ಎಳೀತಿದೆ ಕಣೆ!"

ನಾಲ್ಕೂ ಹತ್ತಕ್ಕೆ ಮುಗಿಯಿತು. ಕಳಿಸಿದೆ. 'ತಲುಪಿದೆ' ಅಂತ ಬಂದಾಗ ನಾನು ನಡುಮನೆಯಲ್ಲೇ ಕುಣಿದುಬಿಟ್ಟೆ. ಅವರು ಮಾತ್ರ ಕಣ್ಣೊರೆಸಿಕೊಂಡು, "ಎರಡು ವರ್ಷ ನಿನ್ನ ಕಾಲಿಗೆ ಬ್ರೇಕ್ ಹಾಕಿಟ್ಟಿದ್ದೆನಲ್ಲೇ," ಅಂದರು. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು.

ನಾದಿನಿಗೆ ನನ್ನ ಸಿನಿಮಾ ತೋರಿಸಲು ಸ್ಕೂಟರಿನಲ್ಲಿ ಹೊರಟೆವು. ಮದುವೆಯಾದಾಗಿನಿಂದ ನನ್ನನ್ನು ಕೂರಿಸಿಕೊಂಡು ನಲವತ್ತು ದಾಟದ ಮನುಷ್ಯ. ಭುಜದ ಮೇಲಿಂದ ಇಣುಕಿದರೆ ಮುಳ್ಳು ಐವತ್ತೈದರಲ್ಲಿತ್ತು.

"ರೀ, ಇಳಿಸ್ರೀ!"

"ಇಲ್ಲಿ ಮಿತಿ ಅರವತ್ತು ಕಣೆ," ಅಂದರು. "ಗಟ್ಟಿಯಾಗಿ ಹಿಡ್ಕೋ."