ಒಳ್ಳೆಯ ನೀರಿನಲ್ಲಿ ಏಳು ಸಾವು

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಶುದ್ಧ ನೀರಿನ ಬೀಕರುಗಳಲ್ಲಿ ಏಳು ನೀರುಚಿಗಟಗಳು ಸತ್ತಿದ್ದವು. ಎರಡಕ್ಕಿಂತ ಹೆಚ್ಚು ಸಾಯುವಂತಿರಲಿಲ್ಲ.

ಪ್ರಯೋಗಾಲಯದ ಸಹಾಯಕಿ ದೀಪದ ಪೆಟ್ಟಿಗೆಯ ಮೇಲೆ ಬೀಕರುಗಳನ್ನು ಒಂದೊಂದಾಗಿ ಇಟ್ಟು ಮತ್ತೆ ಎಣಿಸಿದಳು. ನಾಲ್ಕು ಬೀಕರು, ಒಂದೊಂದರಲ್ಲಿ ಐದು ಜೀವ. ಎರಡು, ಒಂದು, ಮೂರು, ಒಂದು. ಒಟ್ಟು ಏಳೇ. ನೀರನ್ನು ಮೆಲ್ಲಗೆ ಕದಡಿ ಹದಿನೈದು ಸೆಕೆಂಡು ಕಾದಳು. ಉಳಿದ ಹದಿಮೂರು ಕುಪ್ಪಳಿಸಿದವು. ಏಳು ತಳದಲ್ಲೇ ಉಳಿದವು.

ನೀರುಚಿಗಟ ಯಾರನ್ನೂ ಕಚ್ಚುವುದಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದು, ಕೆರೆಯ ನೀರಿನಲ್ಲಿ ಪಾಚಿ ತಿಂದುಕೊಂಡಿರುತ್ತದೆ. ನೀರಿಗೆ ವಿಷ ಸೇರಿದ್ದು ಎಷ್ಟೋ ಯಂತ್ರಗಳಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ಅದಕ್ಕೇ ಈ ಕೋಣೆಯಲ್ಲಿ ಅವನ್ನು ಜಾಡಿಗಳಲ್ಲಿ ಸಾಕುತ್ತಿದ್ದರು. ಮಂಗಳವಾರ ಬೆಳಿಗ್ಗೆ ನೂರು ಮರಿಗಳನ್ನು ಐದು ಪಾಲು ಮಾಡಿ ಎರಡು ದಿನದ ಪರೀಕ್ಷೆ ಹೂಡಿದ್ದು ಈಕೆಯೇ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೆಳಗಿನ ಕಾಲುವೆಯಿಂದ ತಂದ ನೀರಿನಲ್ಲಿ ಇಪ್ಪತ್ತು. ಅದೇ ನೀರನ್ನು ಅರ್ಧ, ಕಾಲು, ಅರೆಕಾಲು ಪಾಲಿಗೆ ತೆಳುಮಾಡಿ ಇಪ್ಪತ್ತಿಪ್ಪತ್ತು. ಹೋಲಿಕೆಗೆಂದು ಶುದ್ಧ ನೀರಿನಲ್ಲಿ ಇಪ್ಪತ್ತು. ಈ ಕೊನೆಯ ಪಾಲಿಗೆ ಅಲ್ಲಿಯವರು ಕಂಟ್ರೋಲ್ ಎನ್ನುತ್ತಿದ್ದರು.

ಕಾಲುವೆಯ ನೀರಿನಲ್ಲಿ ಇಪ್ಪತ್ತೂ ಸತ್ತಿದ್ದವು. ಅರ್ಧಕ್ಕೆ ತೆಳುಮಾಡಿದ್ದರಲ್ಲಿ ಹದಿನಾಲ್ಕು, ಕಾಲಿನಲ್ಲಿ ಆರು, ಅರೆಕಾಲಿನಲ್ಲಿ ಒಂದು. ಅಷ್ಟರ ಮಟ್ಟಿಗೆ ಮೆಟ್ಟಿಲು ಇಳಿದ ಹಾಗೆ ಅಚ್ಚುಕಟ್ಟಾದ ಫಲಿತಾಂಶ. ಆದರೆ ಕಂಟ್ರೋಲ್‌ನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ಅಸಿಂಧು. ನಿಯಮ ಹಾಗೆ.

ಮಧ್ಯಾಹ್ನ ಎರಡಕ್ಕೆ ವಿಚಾರಣೆ ಇತ್ತು. ಸೋಮವಾರ ಸಂಜೆಯಿಂದ ಕಾರ್ಖಾನೆ ತಾತ್ಕಾಲಿಕವಾಗಿ ಮುಚ್ಚಿತ್ತು. ಈ ವರದಿ ಊರ್ಜಿತವಾದರೆ ಅದು ಮುಚ್ಚಿಯೇ ಇರುತ್ತಿತ್ತು.

ಅವಳು ಎದ್ದು ಕಿಟಕಿಯವರೆಗೆ ಹೋದಳು, ಬಂದಳು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಎಣಿಕೆಯ ಪುಸ್ತಕದಲ್ಲಿ ಗುರುವಾರದ ಸಾಲು ಖಾಲಿಯಿತ್ತು. ಬುಧವಾರದ ಸಾಲಿನಲ್ಲಿ ಕಂಟ್ರೋಲ್‌ಗೆ ಎದುರಾಗಿ ಅವಳದೇ ಕೈಬರಹದಲ್ಲಿ 'ಒಂದು' ಎಂದಿತ್ತು. ಒಂದು ಸಾಯಬಹುದು ಎಂದುಕೊಂಡು ಅವಳು ನಿನ್ನೆ ಮನೆಗೆ ಹೋಗಿದ್ದಳು.

ಬಾಗಿಲ ಗಾಜನ್ನು ಯಾರೋ ಬೆರಳಿನಿಂದ ತಟ್ಟಿದರು. ಕೊಳದ ಯಜಮಾನ. ಕಾಲುವೆಯ ನೀರು ಹಾಯಿಸಿ ಮೀನು ಸಾಕುವವನು, ದೂರು ಕೊಟ್ಟವನೂ ಅವನೇ. ಎರಡು ದಿನದಿಂದ ಪಡಸಾಲೆಯ ಬೆಂಚು ಸವೆಸುತ್ತಿದ್ದ.

"ಒಳಗೆ ಬರಲ್ಲ ತಾಯಿ, ಇಲ್ಲೇ ನಿಂತ್ಕೊಂಡಿರ್ತೀನಿ. ಒಂದೇ ಮಾತು ಹೇಳಿಬಿಡಿ. ನಮ್ಮ ಕಾಲುವೆ ನೀರಲ್ಲಿ ಇದ್ದವು ಏನಾದ್ವು?"

"ವರದಿ ಆಗೋವರೆಗೆ ಹೇಳೋ ಹಾಗಿಲ್ಲ ಯಜಮಾನ್ರೇ."

"ಐದು ಕೊಳದಲ್ಲಿ ನಾಲ್ಕು ಖಾಲಿ ಆಯ್ತು. ಉಳಿದಿರೋದು ಮರಿ ಬಿಟ್ಟಿರೋ ಕೊಳ ಒಂದೇ. ಕಾರ್ಖಾನೆ ಶುರುವಾದ್ರೆ ತೂಬು ಮುಚ್ಚಬೇಕು. ಮುಚ್ಚಿದ್ರೆ ಈ ಬಿಸಿಲಿಗೆ ನೀರಿಗೆ ಉಸಿರು ಇರಲ್ಲ, ಮರಿ ಬದುಕೋದು ಒಂದು ದಿನ, ಹೆಚ್ಚಂದ್ರೆ ಎರಡು. ಅದಕ್ಕೇ ಕೇಳ್ದೆ. ಸತ್ತ್ವಾ?"

"ಸತ್ತವು," ಎಂದಳು. ಬಾಯಿ ತಪ್ಪಿ ಬಂದಿತ್ತು.

"ಎಲ್ಲಾ?"

"ಇಪ್ಪತ್ತೂ."

ಯಜಮಾನ ಎರಡೂ ಕೈ ಮುಖಕ್ಕೆ ಒತ್ತಿಕೊಂಡ. "ನಲವತ್ತು ವರ್ಷದಿಂದ ಜೀವ ಸಾಕ್ತಿದ್ದೀನಿ ತಾಯಿ. ಸತ್ತವು ಅಂದಿದ್ದಕ್ಕೆ ಖುಷಿ ಆಗಿದ್ದು ಇದೇ ಮೊದಲು," ಎಂದು ನಕ್ಕ. ಮಗನಿಗೆ ಫೋನ್ ಮಾಡಲು ಮೆಟ್ಟಿಲಿಳಿದು ಹೋದ.

ಅವಳು ಬಾಗಿಲು ಹಾಕಿಕೊಂಡಳು. ಕಾಲುವೆಯ ನೀರು ವಿಷವೇ, ಅದರಲ್ಲಿ ಸಂಶಯವಿರಲಿಲ್ಲ. ಏಳರ ಬದಲು ಎರಡು ಎಂದು ಬರೆದರೆ ಸುಳ್ಳಾಗುವುದು ಒಂದು ಅಂಕೆ ಮಾತ್ರ. ಸತ್ತವನ್ನು ಬಚ್ಚಲಿಗೆ ಚೆಲ್ಲಿದರೆ ಮುಗಿಯಿತು, ಯಾರೂ ಎಣಿಸಲಾರರು. ಎರಡನೇ ಬೀಕರಿನ ಅಂಚಿಗೆ ಕೈ ಚಾಚಿದವಳು ಮುಟ್ಟದೆ ಹಿಂದಕ್ಕೆ ತೆಗೆದಳು. ಹೇಗೆ ಸತ್ತವು ಎಂಬುದೇ ಮೊದಲು ತಲೆ ತಿನ್ನುತ್ತಿತ್ತು.

ಶುದ್ಧ ನೀರೇ ಕೆಟ್ಟಿತ್ತೇ? ಅದೇ ಪೀಪಾಯಿಯ ನೀರಿನಿಂದ ಕಾಲುವೆಯ ನೀರನ್ನು ತೆಳುಮಾಡಿದ್ದು. ಅರೆಕಾಲಿನ ಬೀಕರುಗಳಲ್ಲಿ ಎಂಟರಲ್ಲಿ ಏಳು ಪಾಲು ಆ ನೀರೇ ಇತ್ತು. ಅಲ್ಲಿ ಸತ್ತಿದ್ದು ಒಂದೇ. ಮರಿಗಳು ಬಲಹೀನವೇ? ಎಲ್ಲವೂ ಒಂದೇ ಜಾಡಿಯವು. ಬೀಕರು ಸರಿಯಾಗಿ ತೊಳೆದಿರಲಿಲ್ಲವೇ? ಇಪ್ಪತ್ತನ್ನೂ ಒಟ್ಟಿಗೆ ತೊಳೆದು ಒಂದೇ ತಟ್ಟೆಯಲ್ಲಿ ಒಣಗಿಸಿದ್ದರು. ಹಾಗಾದರೆ ಈ ನಾಲ್ಕಕ್ಕೆ ಮಾತ್ರ ಆಗಿದ್ದೇನು?

ಮಂಗಳವಾರ ಮಾಡಿದ್ದನ್ನೆಲ್ಲ ಖಾಲಿ ಮೇಜಿನ ಮುಂದೆ ನಿಂತು ಕೈಯಾಡಿಸಿ ಮತ್ತೆ ಮಾಡಿ ನೋಡಿದಳು. ಕಂಟ್ರೋಲ್ ಮೊದಲು, ಅದಕ್ಕೆ ಬೇರೆ ಡ್ರಾಪರ್, ನಿಯಮದಂತೆಯೇ. ಡ್ರಾಪರ್‌ನ ಬಾಯಿಯಲ್ಲಿ ನಿಂತ ಹನಿಯನ್ನು ಹೆಬ್ಬೆರಳಿನಿಂದ ಒರೆಸುವುದು ಅವಳ ಅಭ್ಯಾಸ. ಆಮೇಲೆ ಕೈಗವಸು ಹಾಕಿಕೊಂಡು ಕಾಲುವೆಯ ನೀರಿಗೆ ಕೈಹಾಕಿದ್ದಳು. ಹಿಂದಿನ ವರ್ಷ ಇಂಥದೇ ನೀರು ತಗುಲಿ ಅವಳ ಮುಂಗೈ ಹದಿನೈದು ದಿನ ಸುಲಿದಿತ್ತು. ಕಂಟ್ರೋಲ್‌ಗೆ ಕೈಗವಸು ಹಾಕಿರಲಿಲ್ಲ. ಒಳ್ಳೆಯ ನೀರಿಗೆ ಹೆದರುವುದೇಕೆ?

ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಈ ಬೆರಳು ಎಲ್ಲಿತ್ತು ಎಂಬುದು ನೆನಪಾಯಿತು. ಮನೆಗೆ ಫೋನ್ ಮಾಡಿದಳು.

"ಅಕ್ಕಾ, ಬಚ್ಚಲ ಕಿಟಕಿಯಲ್ಲಿ ಪಾಪು ತಲೆಗೆ ಹಚ್ಚಿದ ಹೇನಿನ ಔಷಧಿ ಇದೆ. ಅದರ ಮೇಲೆ ಏನು ಬರೆದಿದೆ ಓದು."

"ಯಾಕೆ, ನಿನ್ನ ತಲೆಗೂ ಹತ್ತಿತಾ? ನಾನು ಹೇಳ್ಲಿಲ್ವಾ, ಅವಳನ್ನ ಪಕ್ಕದಲ್ಲಿ ಮಲಗಿಸ್ಕೋಬೇಡ ಅಂತ?"

"ಓದೇ ಅಕ್ಕಾ."

"ಇರು, ಕನ್ನಡಕ ಹಾಕ್ಕೋತೀನಿ. ಅಕ್ಷರ ಹೇನಿಗಿಂತ ಸಣ್ಣ ಇದಾವೆ. ಪರ್... ಪರ್ಮೆಥ್ರಿನ್. ಒಂದು ಪರ್ಸೆಂಟ್. ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ಮೀನು ಮತ್ತು ನೀರಿನ ಜೀವಿಗಳಿಗೆ ಬಹಳ ಅಪಾಯ." ಅಕ್ಕ ಅಲ್ಲಿಗೆ ಓದು ನಿಲ್ಲಿಸಿದಳು. "ಅಲ್ವೇ, ನಮ್ಮನೇಲಿ ಮೀನೆಲ್ಲಿದೆ?"

"ಫೋನ್ ಇಡ್ತೀನಿ ಅಕ್ಕಾ."

"ಪಾಪುಗೆ ಏನಾದ್ರೂ ಆಗುತ್ತೇನೇ? ಅದನ್ನಾದ್ರೂ ಹೇಳಿ ಇಡು!"

"ಮನುಷ್ಯರಿಗೆ ಏನೂ ಆಗಲ್ಲ. ಅವಳು ಚೆನ್ನಾಗಿದ್ದಾಳೆ."

ಆ ಔಷಧಿ ಎಷ್ಟಿದ್ದರೆ ನೀರುಚಿಗಟಕ್ಕೆ ಸಾಕು ಎಂಬುದು ಅವಳಿಗೆ ಬಾಯಿಪಾಠ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಲೀಟರಿಗೆ ಬಿದ್ದರೆ ಆಯಿತು. ಬಾಟಲಿಯ ಒಂದೇ ಹನಿ ಐನೂರು ಲೀಟರ್ ನೀರನ್ನು ಕೆಡಿಸಬಲ್ಲದು. ಅವಳು ಅಂದು ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದಳು. ಉಗುರಿನ ಸಂದಿಗೆ ಬ್ರಷ್ ಹಾಕಿರಲಿಲ್ಲ.

ಪುಸ್ತಕ ಎಳೆದುಕೊಂಡು ಗುರುವಾರದ ಸಾಲು ತುಂಬಿದಳು. ಎರಡು, ಒಂದು, ಮೂರು, ಒಂದು. ಬರೆಯುವಾಗ ಮೂರು ವಕ್ರವಾಯಿತು. ತಿದ್ದುವಂತಿರಲಿಲ್ಲ. ತಿದ್ದಿದರೆ ಅದಕ್ಕೂ ಸಹಿ ಹಾಕಬೇಕು.

ಹತ್ತೂವರೆಗೆ ಮುಖ್ಯಸ್ಥರು ಬಂದರು. ಇಡೀ ಕಚೇರಿಯಲ್ಲಿ ಅವರಿಗೆ ದಶಮಾಂಶ ಎಂದು ಹೆಸರು. ಟೀ ಎಷ್ಟು ಬಿಸಿ ಎಂದರೂ ಬಿಂದುವಿನ ನಂತರದ ಅಂಕೆ ಕೇಳುವ ಮನುಷ್ಯ. ಅವಳು ಹೇಳುತ್ತ ಹೋದಂತೆ ಅವರು ಕೋಟು ಬಿಚ್ಚುವುದನ್ನು ಮರೆತು ಒಂದು ತೋಳಿನಲ್ಲೇ ನಿಂತರು.

"ಹದಿನೈದು ಸೆಕೆಂಡು ಪೂರ್ತಿ ಕಾದ್ರಾ?"

"ಕಾದೆ ಸರ್."

"ಹದಿನಾಲ್ಕಲ್ಲ?"

"ಗಡಿಯಾರ ಇಟ್ಕೊಂಡೇ ಕಾದೆ."

ಅವರು ತಾವೇ ಕೂತರು. ಕನ್ನಡಕ ಹಣೆಗೇರಿಸಿ ಬೀಕರನ್ನು ಕಣ್ಣ ಹತ್ತಿರ ಹಿಡಿದರು. ನೀರುಚಿಗಟದ ಮೀಸೆ ಅಲುಗಿದರೂ ಬದುಕಿದೆ ಎನ್ನಬಹುದೇನೋ ಎಂಬ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ಮೊದಲ ಸಲ ಏಳು ಬಂತು. ಎರಡನೇ ಸಲವೂ ಏಳು. ಮೂರನೇ ಸಲ ಎಂಟು.

"ಇನ್ನು ಎಣಿಸೋದು ಬೇಡ," ಎಂದು ಎದ್ದರು. "ಎಣಿಸಿದಷ್ಟೂ ಸಾಯ್ತಾವೆ." ಬೀಕರನ್ನು ದೀಪದ ಪೆಟ್ಟಿಗೆಯ ಮೇಲಿಟ್ಟರು. "ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ನೋಡಿ. ಉಳಿದ ಕಾಲುವೆ ನೀರು ಇದೆಯಾ?"

"ಎರಡು ಲೀಟರ್ ಇದೆ. ಆದ್ರೆ ತಂದು ಮೂರು ದಿನ ಆಯ್ತು. ಮೂವತ್ತಾರು ಗಂಟೆಯೊಳಗೆ ಹೂಡಬೇಕು ಅನ್ನೋದು..."

"ನನಗೇ ನಿಯಮ ಹೇಳ್ಕೊಡಬೇಡಿ. ಈಗ ಹೊಸದಾಗಿ ತರೋಣ ಅಂದ್ರೆ ಕಾರ್ಖಾನೆ ಮುಚ್ಚಿದೆ, ಕಾಲುವೆಯಲ್ಲಿ ತಿಳಿ ನೀರು ಹರೀತಿದೆ."

"ಸರ್, ಇಪ್ಪತ್ತೂ ಸತ್ತಿದ್ದು ನಿಜ ಅಲ್ವಾ? ಅದಷ್ಟನ್ನೇ ಹೇಳಿದ್ರೆ?"

"ಅವರ ವಕೀಲರು ಎಣಿಕೆ ಪುಸ್ತಕ ಕೇಳ್ತಾರೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ನಾವು ಕಲ್ಲನ್ನೇ ಬಡಿಸ್ತಾ ಇದ್ದೀವಿ." ಅವರು ಕೋಟಿನ ಇನ್ನೊಂದು ತೋಳನ್ನೂ ಬಿಚ್ಚಿದರು. "ಎರಡು ಅಂತ ಬರೆಯೋ ಯೋಚನೆ ಬಂದಿತ್ತಾ?"

"ಬಂದಿತ್ತು."

"ನನಗೂ ಬಂತು. ಈಗಷ್ಟೇ, ಎರಡನೇ ಸಲ ಎಣಿಸುವಾಗ."

ವರದಿಯ ಕೊನೆಯಲ್ಲಿ ಅವರೇ ಎರಡು ಸಾಲು ಸೇರಿಸಿದರು. ಕಂಟ್ರೋಲ್‌ನಲ್ಲಿ ನೂರಕ್ಕೆ ಮೂವತ್ತೈದು ಬಿಂದು ಸೊನ್ನೆ ಸಾವು, ಪರೀಕ್ಷೆ ಅಸಿಂಧು. ಕಾರಣ, ಸಿಬ್ಬಂದಿಯ ಕೈಯಿಂದ ಕೀಟನಾಶಕ ತಗುಲಿರುವ ಸಂಭವ. ಕೆಳಗೆ ಇಬ್ಬರೂ ಸಹಿ ಹಾಕಿದರು.

ಯಜಮಾನನಿಗೆ ಹೇಳುವ ಕೆಲಸ ಉಳಿದಿತ್ತು. ದಶಮಾಂಶ ತಾವು ಹೇಳುತ್ತೇನೆಂದರು. ಅವಳು ಬೇಡವೆಂದು ಹೊರಗೆ ಹೋದಳು. ಅವನು ಬೆಂಚಿನ ತುದಿಯಲ್ಲಿ ಕೂತು ಮಗನೊಡನೆ ಜೋರಾಗಿ ಮಾತಾಡುತ್ತಿದ್ದವನು ಅವಳ ಮುಖ ನೋಡಿ ಫೋನ್ ಇಳಿಸಿದ.

"ಒಳ್ಳೆ ನೀರಲ್ಲೂ ಏಳು ಸತ್ತಿವೆ ಯಜಮಾನ್ರೇ. ಅದು ನನ್ನ ಕೈಯಿಂದ ಆದ ತಪ್ಪು. ಮಗಳ ತಲೆಗೆ ಹೇನಿನ ಔಷಧಿ ಹಚ್ಚಿದ್ದೆ, ಅದು ಕೈಯಲ್ಲೇ ಉಳಿದಿತ್ತು. ಈ ಪರೀಕ್ಷೆ ಲೆಕ್ಕಕ್ಕೆ ಬರಲ್ಲ."

ಅವನು ತಲೆ ತಗ್ಗಿಸಿ ಫೋನ್ ಜೇಬಿಗೆ ಹಾಕಿಕೊಂಡ. "ಕೆಟ್ಟ ನೀರಲ್ಲೂ ಸತ್ತವು, ಒಳ್ಳೆ ನೀರಲ್ಲೂ ಸತ್ತವು. ಹಾಗಾದ್ರೆ ಯಾವ ನೀರಲ್ಲಿ ವಿಷ ಇತ್ತು ತಾಯಿ?"

"ಎರಡರಲ್ಲೂ."

"ಹೇನಿನ ಔಷಧಿ," ಎಂದ, ತನಗೆ ತಾನೇ. ಆಮೇಲೆ ತಲೆಯೆತ್ತಿದ. "ನೀವು ಹೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಅವರ ವಕೀಲರು ಪುಸ್ತಕ ಕೇಳ್ತಾರೆ."

"ಪುಸ್ತಕ ಬರೆಯೋದು ನೀವೇ ಅಲ್ವಾ?"

ಅವನು ಬೈಯಲಿಲ್ಲ. ಎದ್ದು ಪಂಚೆ ಕೊಡವಿಕೊಂಡ. "ಮಗು ತಲೆ ಈಗ ಹೇಗಿದೆ?" ಎಂದು ಕೇಳಿದ.

"ವಾಸಿಯಾಗಿದೆ."

"ಆಯ್ತು ಬಿಡಿ. ತೂಬಿಗೆ ಹಲಗೆ ಹಾಕಬೇಕು, ಹೊರಡ್ತೀನಿ."

ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕಾರ್ಖಾನೆ ಮುಚ್ಚುವ ಆದೇಶ ರದ್ದಾಯಿತು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಅದರ ಯಂತ್ರಗಳು ಶುರುವಾದವು. ಏಳೂಕಾಲಿಗೆ ಕಚೇರಿಯ ಚಾಲಕ ಕಾಲುವೆಯಿಂದ ಹೊಸ ನೀರು ತುಂಬಿಕೊಂಡು ಬಂದ. ಒಂಬತ್ತೂವರೆಗೆ ದಶಮಾಂಶ ಕೈಗವಸು ಹಾಕಿಕೊಂಡು ತಾವೇ ಪರೀಕ್ಷೆ ಹೂಡಿದರು. ಸಹಾಯಕಿ ಬಾಗಿಲ ಹೊರಗೆ ನಿಂತು ಗಡಿಯಾರ ನೋಡಿ ವೇಳೆ ಹೇಳಿದಳು. ಮೂರು ವಾರ ಅವಳು ಆ ಕೋಣೆಗೆ ಕಾಲಿಡುವಂತಿರಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ತೂಬು ಮುಚ್ಚಿದ ಕೊಳದಲ್ಲಿ ಮೀನುಮರಿಗಳು ಸತ್ತು ತೇಲಿದವು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಎಣಿಕೆ ನಡೆಯಿತು. ಕಾಲುವೆಯ ನೀರಿನಲ್ಲಿ ಇಪ್ಪತ್ತೂ ಸತ್ತಿದ್ದವು, ಕಂಟ್ರೋಲ್‌ನಲ್ಲಿ ಒಂದೂ ಸತ್ತಿರಲಿಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ಕಾರ್ಖಾನೆಯನ್ನು ಎರಡನೇ ಸಲ ಮುಚ್ಚಿಸಿದರು.