ಹಿಂದಿನ ಗಾಲಿ ಕೊಟ್ಟರೆ ಕೈ ಹಚ್ಚುವಂತಿಲ್ಲ

ನಾನು ಒಂದು ಸೈಕಲ್ ಸ್ಟ್ಯಾಂಡು. ಸ್ಟ್ಯಾಂಡು ಎಂದ ಕೂಡಲೇ ನಿಮಗೆ ಸೈಕಲ್ಲಿನ ಪಕ್ಕದಲ್ಲಿ ಒದ್ದು ಕೆಳಗಿಳಿಸುವ ಒಂಟಿ ಕಾಲು ನೆನಪಾಯಿತೇ? ಛೇ ಛೇ, ಅದಲ್ಲ! ಅಂಥ ಒಂಟಿ ಕಾಲಿನವರು ನನ್ನ ಹತ್ತಿರ ದಿನಕ್ಕೆ ಐವತ್ತು ಮಂದಿ ಬಂದು ಹೋಗುತ್ತಿದ್ದರು. ನಾನು ಅಂಗಡಿಯ ಮುಂದೆ ನಿಂತು ಗಿರಾಕಿಗಳ ಸೈಕಲ್ಲುಗಳನ್ನು ಸಾಲಾಗಿ ಹಿಡಿದುಕೊಳ್ಳುವ ಕಬ್ಬಿಣದ ಆಸಾಮಿ. ನನಗೆ ಏಳು ಸಂದುಗಳು. ಒಂದೊಂದು ಸಂದಿಗೆ ಒಂದೊಂದು ಗಾಲಿ. ಏಳೂ ತುಂಬಿದ ದಿನ ನನ್ನ ಗತ್ತು ನೋಡಬೇಕಿತ್ತು ನೀವು!

ಹುಟ್ಟಿದ್ದು ವಿಜಯಪುರದಲ್ಲಿ, ಕಾಳಪ್ಪ ಬಡಿಗೇರ ಎಂಬವರ ಗ್ರಿಲ್ ಅಂಗಡಿಯಲ್ಲಿ. ಅದಕ್ಕೂ ಮೊದಲು ನಾನು ಯಾರದೋ ಹಿತ್ತಲಿನ ಹಳೆಯ ನೀರಿನ ಪೈಪಾಗಿದ್ದೆ, ಯಾರದೋ ಕಿಟಕಿಗೆ ತಂದು ಉಳಿದ ಸರಳುಗಳಾಗಿದ್ದೆ. ಕಾಳಪ್ಪನವರು ನಮ್ಮನ್ನೆಲ್ಲ ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಹಚ್ಚಿ ಒಂದು ಮಾಡಿದರು. ಕಿಡಿ ಹಾರುವಾಗ ಮೈಯೆಲ್ಲ ಉರಿಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಯಾವುದೋ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣ ಬಳಿದು, ನನ್ನನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ, "ಗಟ್ಟಿ ಅದಿ ಮಗನ, ಹೋಗು" ಎಂದರು. ತಂದೆಯ ಬಾಯಿಂದ ನಾನು ಕೇಳಿದ ಮಾತು ಅದೊಂದೇ. ನನಗೆ ಅಷ್ಟು ಸಾಕಾಗಿತ್ತು.

ಮೊದಲು ಹೋದದ್ದು ಒಂದು ಟಾಕೀಸಿಗೆ. ಅಬ್ಬಬ್ಬಾ, ಆ ದಿನಗಳು! ಒಳಗೆ ಶಿಳ್ಳೆ, ಹೊರಗೆ ಟಿಕೆಟ್ಟಿನ ಜಗಳ, ನನ್ನ ಮೈತುಂಬ ಸೈಕಲ್ಲು. ಆದರೆ ನೋಡಿ ನನ್ನ ಹಣೆಬರಹ, ಹನ್ನೊಂದು ವರ್ಷ ಅಲ್ಲಿದ್ದೆ, ಒಂದೇ ಒಂದು ಸಿನಿಮಾ ನೋಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದ್ದರು. ಹೊಡೆದಾಟದ ಸದ್ದು ಕೇಳಿದಾಗೆಲ್ಲ ಗೆದ್ದವರು ಯಾರೆಂದು ತಿಳಿಯದೆ ಒದ್ದಾಡುತ್ತಿದ್ದೆ. ಟಾಕೀಸು ಮುಚ್ಚಿತು. ನನ್ನನ್ನು ಹಿತ್ತಲಿಗೆ ಎಳೆದು ಹಾಕಿದರು. ಮೂರನೆಯ ಸಂದಿನ ಕೆಳಗೆ ಒಂದು ಕೋಳಿ ಮೊಟ್ಟೆ ಇಡುತ್ತಿತ್ತು. ಸೈಕಲ್ ಸ್ಟ್ಯಾಂಡಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೇ?

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ಲಾಡ್ಲೇಸಾಬ. ಸ್ಟೇಡಿಯಂ ರಸ್ತೆಯಲ್ಲಿ ಅವರದೊಂದು ಸಣ್ಣ ಸೈಕಲ್ ಅಂಗಡಿ. ಟಾಕೀಸಿನ ಮ್ಯಾನೇಜರರ ಸೈಕಲ್ಲಿಗೆ ಬ್ರೇಕು ಕೂಡಿಸಿ ಕೊಟ್ಟು, ಅದರ ಬದಲಿಗೆ ನನ್ನನ್ನು ಕೇಳಿದರು. ತಳ್ಳುಗಾಡಿಯ ಮೇಲೆ ಮಲಗಿ ಪೇಟೆಯ ನಡುವೆ ಮೆರವಣಿಗೆ ಬಂದೆ ನಾನು!

ನಾನು ಬರುವ ಮುಂಚೆ ಆ ಅಂಗಡಿಯ ಮುಂದೆ ದಿನಾ ರಾಮಾಯಣವಂತೆ. ಗಿರಾಕಿಗಳು ಸೈಕಲ್ಲನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಿದ್ದರು. ಒಂದು ಬಿದ್ದರೆ ಸಾಲಾಗಿ ಎಲ್ಲವೂ ಧಡಧಡ ಗಟಾರದ ಕಡೆಗೆ. ಆಮೇಲೆ ಯಾರ ಹ್ಯಾಂಡಲು ಯಾರ ಕಡ್ಡಿಗೆ ಸಿಕ್ಕಿತೆಂದು ಜಗಳ. ಗಿರಾಕಿ ಅಂಗಡಿಯೊಳಗೆ ಕಾಲಿಟ್ಟರೂ ಕಣ್ಣು ಹೊರಗೆ. ನಾನು ಬಂದೆ ನೋಡಿ, ಎಲ್ಲ ಥಣ್ಣಗಾಯಿತು. ಜನ ಒಳಗೆ ಬಂದು ಆರಾಮಾಗಿ ಕೂತು ಮಾತಾಡತೊಡಗಿದರು.

ಬೆಳಗಿನ ಹೊತ್ತು ಮಾತ್ರ ಯಾರಿಗೂ ಕೂರುವಷ್ಟು ಪುರಸೊತ್ತಿಲ್ಲ. ಸೈಕಲ್ ನಿಲ್ಲಿಸಿ ಬಸ್ಸಿಗೆ ಓಡುವವರೇ ಹೆಚ್ಚು. ಅದಕ್ಕೇ ಲಾಡ್ಲೇಸಾಬ ಒಂದು ಕಾಯದೆ ಮಾಡಿದ್ದರು. ಮುಂದಿನ ಗಾಲಿಯನ್ನು ನನ್ನ ಸಂದಿಗೆ ಕೊಟ್ಟರೆ ರಿಪೇರಿ ಇದೆ ಎಂದರ್ಥ. ಚೈನು, ಹಿಂದಿನ ಗಾಲಿ ಎಲ್ಲ ಹೊರಗಿದ್ದು ಕೈಗೆ ಸಿಗುತ್ತವೆ. ಹಿಂದಿನ ಗಾಲಿ ಕೊಟ್ಟರೆ ಬರೀ ನಿಲ್ಲಿಸಿ ಹೋಗಿದ್ದಾರೆ, ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಗಿರಾಕಿಗಳಿಗೆಲ್ಲ ಇದು ಗೊತ್ತಿತ್ತು. ಬೋರ್ಡು ಬರೆಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅಷ್ಟು ವರ್ಷಗಳಲ್ಲಿ ಲಾಡ್ಲೇಸಾಬ ಹಿಂದುಮುಂದಾಗಿ ನಿಂತ ಸೈಕಲ್ಲಿನ ಬೆಲ್ಲನ್ನು ಕೂಡ ಬಾರಿಸಿದವರಲ್ಲ. "ನನ್ನ ಸ್ಟ್ಯಾಂಡಿನ್ಯಾಗ ಇಟ್ಟದ್ದು ಇಟ್ಟಂಗ ಇರತೈತಿ" ಎನ್ನುವುದು ಅವರ ಹೆಮ್ಮೆ. ನನ್ನ ಹೆಮ್ಮೆಯೂ ಅದೇ.

ಈ ಕಾಯದೆಯನ್ನು ಅಕ್ಷರಶಃ ಪಾಲಿಸುತ್ತಿದ್ದವರು ಗಲಗಲಿ ಸಾಹೇಬರು. ಭೂಮಾಪನ ಕಚೇರಿಯಲ್ಲಿದ್ದು ನಿವೃತ್ತರಾದವರು. ಊರಿನ ಹೊಲಗಳನ್ನೆಲ್ಲ ಅಳೆದು ಅಳೆದು ಮನುಷ್ಯರನ್ನೂ ಅಳೆಯುವ ಚಟ ಹತ್ತಿತ್ತು. ಶುಗರ್ ಬಂದ ಮೇಲೆ ತೆಳು ಗಾಲಿಯ ಗೇರ್ ಸೈಕಲ್ ಕೊಂಡಿದ್ದರು. ಬೆಳಿಗ್ಗೆ ಏಳಕ್ಕೆ ಬಂದು ಹಿಂದಿನ ಗಾಲಿಯನ್ನು ನನ್ನ ಏಳನೆಯ ಸಂದಿಗೆ ಕೊಟ್ಟು, ಬಟ್ಟೆಯಿಂದ ಸೀಟು ಒರೆಸಿ, ಬೀಗ ಹಾಕಿ, ಕೋಟೆಗೋಡೆಯ ಕಡೆಗೆ ವಾಕಿಂಗ್ ಹೋಗುವರು. ಎಂಟೂವರೆಗೆ ವಾಪಸು. ಮೊಬೈಲ್ ಒಯ್ಯುವುದಿಲ್ಲ. ಬೀಗದ ಇನ್ನೊಂದು ಕೀಲಿ ಮಾತ್ರ ಲಾಡ್ಲೇಸಾಬರ ಹತ್ತಿರ, ಅದೂ "ಬೆಂಕಿ ಬಿದ್ದರ ಮಾತ್ರ ತಗೀಬೇಕು" ಎಂಬ ಷರತ್ತಿನ ಮೇಲೆ.

ಇನ್ನು ಆ ದಿನದ ಕಥೆ ಹೇಳುತ್ತೇನೆ ಕೇಳಿ. ನೆನೆದರೆ ಈಗಲೂ ನನ್ನ ಸರಳುಗಳು ಗಡಗಡ ನಡುಗುತ್ತವೆ!

ಏಳೂಕಾಲಿಗೆ ಒಬ್ಬ ಹುಡುಗಿ ಗಾಳಿಯ ಹಾಗೆ ಬಂದಳು. ಹದಿಮೂರು ವರ್ಷ ಇದ್ದೀತು. ಹಳೆಯ ರೇಸ್ ಸೈಕಲ್ಲು, ಎದೆಗೆ ಪಿನ್ನು ಹಾಕಿದ ನಂಬರಿನ ಬಟ್ಟೆ. ಬಂದವಳೇ ಮುಂದಿನ ಗಾಲಿಯನ್ನು ನನ್ನ ಎರಡನೆಯ ಸಂದಿಗೆ ಧಡಕ್ಕನೆ ಕೊಟ್ಟು ಪಕ್ಕದ ಝೆರಾಕ್ಸ್ ಅಂಗಡಿಗೆ ಓಡಿದಳು. ನಾನು ಹಿಡಿದುಕೊಂಡೆ. ಹಿಡಿಯುವುದಷ್ಟೇ ನನ್ನ ಕೆಲಸ, ಕೇಳುವುದಕ್ಕೆ ನನಗೆ ಬಾಯಿ ಎಲ್ಲಿದೆ?

ಲಾಡ್ಲೇಸಾಬ ಹೊರಬಂದರು. ಮುಂದಿನ ಗಾಲಿ ಒಳಗಿದೆ, ಅಂದ ಮೇಲೆ ರಿಪೇರಿ. ಹಿಂದಿನ ಗಾಲಿ ತಿರುಗಿಸಿ ನೋಡಿದರು, ಕಟಕಟ ಎಂದಿತು. "ಫ್ರೀವೀಲ್ ಹೋಗೈತಿ" ಎಂದು ತಮಗೆ ತಾವೇ ಹೇಳಿಕೊಂಡು ಗಾಲಿ ಬಿಚ್ಚಿದರು. ಅವರ ಕೈ ಎಷ್ಟು ಚುರುಕೆಂದರೆ, ಹತ್ತು ನಿಮಿಷದಲ್ಲಿ ಫ್ರೀವೀಲಿನ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರದ, ಹೊಟ್ಟೆ ಬಗೆದು, ಸಾಸಿವೆಗಿಂತ ತುಸು ದಪ್ಪದ ಉಕ್ಕಿನ ಗುಂಡುಗಳನ್ನೆಲ್ಲ ಸೀಮೆಎಣ್ಣೆಯ ತಾಟಿಗೆ ಸುರಿದಾಗಿತ್ತು.

ಹುಡುಗಿ ಕಾಗದ ಹಿಡಿದು ತಿರುಗಿ ಬಂದಳು. ಸೈಕಲ್ ನೋಡಿದಳು. ತಾಟು ನೋಡಿದಳು.

"ಯಪ್ಪಾ! ಕಾಕಾ, ಏನ್ ಮಾಡಿದ್ರಿ? ಯಾಕ ಬಿಚ್ಚಿದ್ರಿ?"

"ನೀನಽ ಅಲ್ಲೇನವಾ ಮುಂದಿನ ಗಾಲಿ ಹಚ್ಚಿ ಹೋದಾಕಿ?"

"ಅಂದ್ರ? ಸೈಕಲ್ ನಿಲ್ಲಿಸಿ ಝೆರಾಕ್ಸಿಗೆ ಹೋಗಿದ್ದೆ! ಎಂಟಕ್ಕ ನನ್ನ ರೇಸ್ ಐತ್ರಿ! ಕ್ರೀಡಾ ಹಾಸ್ಟೆಲ್ಲಿಂದು. ಮೊದಲ ಐದು ಮಂದೀನ್ನ ಅಷ್ಟಽ ತಗೋತಾರ. ಮುಂದಿನ ವರ್ಷ ನನ್ನ ವಯಸ್ಸು ಮೀರತೈತ್ರಿ ಕಾಕಾ!"

ಲಾಡ್ಲೇಸಾಬರ ಮುಖ ಸುಣ್ಣದ ಹಾಗೆ ಬಿಳಿಚಿತು. ಹುಡುಗಿ ಹಳ್ಳಿಯವಳು, ಹೆಸರು ದಾನೇಶ್ವರಿ. ನಮ್ಮ ಕಾಯದೆ ಅವಳಿಗೆ ಹೇಗೆ ಗೊತ್ತಿರಬೇಕು? ಫ್ರೀವೀಲಿನೊಳಗೆ ಒಂದು ಸ್ಪ್ರಿಂಗು ಬೇರೆ ಮುರಿದಿತ್ತು. ಹೊಸದು ತರೋಣವೆಂದರೆ ಪೇಟೆಯ ಅಂಗಡಿ ತೆರೆಯುವುದು ಹತ್ತಕ್ಕೆ. ಗಂಟೆ ಏಳೂವರೆ ದಾಟಿತ್ತು. ಹುಡುಗಿ ನನ್ನ ಪೈಪನ್ನು ಎರಡೂ ಕೈಯಿಂದ ಹಿಡಿದು ಅಳತೊಡಗಿದಳು. ಅವಳ ಅಳುವಿನ ಸದ್ದು ನನ್ನ ಏಳೂ ಸಂದುಗಳಿಗೆ ಹರಿಯಿತು. ಅಯ್ಯೋ, ಆ ಗಾಲಿಯನ್ನು ನಾನಾದರೂ ಯಾಕೆ ಹಿಡಿದೆ ಎಂದು ನನಗೇ ಶಾಪ ಹಾಕಿಕೊಂಡೆ.

ಆಗ ಲಾಡ್ಲೇಸಾಬರ ಕಣ್ಣು ಏಳನೆಯ ಸಂದಿನ ಕಡೆ ತಿರುಗಿತು. ಗಲಗಲಿ ಸಾಹೇಬರ ಸೈಕಲ್ಲು. ಅದೇ ಅಳತೆಯ ಗಾಲಿ, ಅದೇ ಗೇರು. ಅವರು ಎರಡು ಹೆಜ್ಜೆ ಇಟ್ಟರು, ನಿಂತರು. ಇನ್ನೊಂದು ಹೆಜ್ಜೆ ಇಟ್ಟರು, ಮತ್ತೆ ನಿಂತರು. ಇಪ್ಪತ್ತು ವರ್ಷ ಉಳಿಸಿಕೊಂಡ ಮಾತು ಒಂದು ಕಡೆ, ಅಳುವ ಹುಡುಗಿ ಒಂದು ಕಡೆ.

"ಯಾ ಅಲ್ಲಾ, ಮಾಫ್ ಮಾಡು" ಎಂದವರೇ ಕೀಲಿ ತಂದು ಬೀಗ ತೆಗೆದು, ಸೈಕಲ್ಲನ್ನು ನನ್ನಿಂದ ಎಳೆದರು. ನಾನು ಹಿಡಿದುಕೊಳ್ಳಲಿಲ್ಲ, ದೇವರಾಣೆ! ಸಡಿಲ ಬಿಟ್ಟೆ. ಪಾನಾ ತಿರುಗಿತು, ಗಾಲಿ ಕಳಚಿತು, ಹುಡುಗಿಯ ಸೈಕಲ್ಲಿಗೆ ಕೂತಿತು, ಚೈನು ಏರಿತು. ಏಳು ನಲವತ್ತೆಂಟು! "ಹೋಗು ಯವ್ವಾ, ಹಿಂದ ನೋಡಬ್ಯಾಡ!" ಎಂದು ಲಾಡ್ಲೇಸಾಬ ಕೂಗಿದರು. ದಾನೇಶ್ವರಿ ಕಣ್ಣು ಒರೆಸಿಕೊಳ್ಳದೆಯೇ ಹಾರಿ ಹೋದಳು.

ಗಲಗಲಿ ಸಾಹೇಬರ ಸೈಕಲ್ಲು ಹಿಂದಿನ ಗಾಲಿಯಿಲ್ಲದೆ ಇಟ್ಟಿಗೆಯ ಮೇಲೆ ಕೂತಿತ್ತು. ಅವರು ಬರುವ ಮುಂಚೆ ಗಾಲಿ ಬಂದುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅಂದೇ ಅವರಿಗೆ ವಾಕಿಂಗಿಗೆ ಗೆಳೆಯರು ಸಿಕ್ಕಿರಲಿಲ್ಲ. ಎಂಟು ಹತ್ತಕ್ಕೇ ಹಾಜರು!

"ಗಾಲಿ ಎಲ್ಲಿ?"

"ನಾ ತಗದೀನ್ರಿ ಸಾಹೇಬ್ರ" ಎಂದರು ಲಾಡ್ಲೇಸಾಬ. ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದರು.

"ಹಿಂದಿನ ಗಾಲಿ ಹಚ್ಚಿ ಹೋಗಿದ್ದೆನಲ್ಲೋ ನಾನು! ನಿನ್ನ ಕಾಯದೆ ನೀನಽ ಮುರದ್ಯಾ?"

"ಹೌದ್ರಿ. ಮುರದೀನಿ."

ಸಾಹೇಬರ ಮೂಗಿನ ಹೊಳ್ಳೆ ಅರಳಿತು. ಇನ್ನೇನು ಸಿಡಿಯುತ್ತಾರೆ ಅನ್ನುವಾಗ ರಸ್ತೆಯ ತುದಿಯಲ್ಲಿ ಸೀಟಿ ಕೇಳಿಸಿತು. ರೇಸು ಬಂತು! ಅದು ನಮ್ಮ ಅಂಗಡಿಯ ಮುಂದೆಯೇ ಹಾದು, ಮುಂದಿನ ವೃತ್ತದಲ್ಲಿ ತಿರುಗಿ, ಮತ್ತೆ ಇದೇ ದಾರಿಯಲ್ಲಿ ಸ್ಟೇಡಿಯಮ್ಮಿಗೆ ಮರಳಬೇಕು. ಸುಂಯ್, ಸುಂಯ್, ಸುಂಯ್ ಎಂದು ಹುಡುಗಿಯರು ಹೋದರು. ಎಂಟನೆಯವಳು ದಾನೇಶ್ವರಿ!

"ಆಕೀನಽ ಏನು? ಅಲ್ನೋಡು, ಆ ಹಳದಿ ರಿಫ್ಲೆಕ್ಟರ್ ನಂದಽ! ಎಂಟನೇದಾಕಿ? ನನ್ನ ಗಾಲಿ ಹಚಗೊಂಡು ಎಂಟನೇದ?" ಸಾಹೇಬರು ಚಡಪಡಿಸಿದರು. ಸಿಟ್ಟು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ತಿರುಗಿ ಬರುವಷ್ಟರಲ್ಲಿ ಅವಳು ಆರನೆಯವಳಾಗಿದ್ದಳು, ಐದನೆಯವಳು ಒಂದು ಮೊಳ ಮುಂದೆ. ಸಾಹೇಬರು ರಸ್ತೆಯ ಅಂಚಿಗೆ ಜಿಗಿದರು. "ತುಳೀ ಹುಡುಗೀ ತುಳೀ! ನಿನ್ನೆ ಅಷ್ಟಽ ಎಣ್ಣಿ ಹಾಕೀನಿ ಆ ಗಾಲಿಗೆ!" ಎಂದು ಕಿರುಚುತ್ತ, ಚಪ್ಪಲಿ ಕಳಚಿ ಬಿದ್ದರೂ ಲೆಕ್ಕಿಸದೆ ಅವಳ ಬೆನ್ನಿಗೆ ಓಡಿದರು! ನಾನು ಟಾಕೀಸಿನಲ್ಲಿ ಹನ್ನೊಂದು ವರ್ಷ ಕೇಳಿದ ಶಿಳ್ಳೆಗಳೆಲ್ಲ ಅಂದು ನನ್ನ ಪೈಪಿನೊಳಗೆ ಒಟ್ಟಿಗೆ ಮೊಳಗಿದವು.

ಐದನೆಯವಳಾಗಿ ಮುಟ್ಟಿದಳು. ಐದು! ಗಾಲಿ ವಾಪಸು ತಂದು ಕೊಟ್ಟು ಲಾಡ್ಲೇಸಾಬರ ಕಾಲಿಗೆ ಬಿದ್ದಳು. ಆದರೆ ಗಲಗಲಿ ಸಾಹೇಬರು ಅಷ್ಟು ಹೊತ್ತಿಗೆ ಮತ್ತೆ ಗಂಟುಮೋರೆಯವರಾಗಿದ್ದರು. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ತಡವಿ ನೋಡಿ, ಸೈಕಲ್ಲಿಗೆ ಕೂಡಿಸಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಇಪ್ಪತ್ತು ದಿನ ನನ್ನ ಏಳನೆಯ ಸಂದು ಖಾಲಿ. ಬೇರೆ ಯಾರಾದರೂ ಅಲ್ಲಿ ಗಾಲಿ ಹಚ್ಚಲು ಬಂದರೆ ಲಾಡ್ಲೇಸಾಬ ಬಿಡುತ್ತಿರಲಿಲ್ಲ. "ಸಾಹೇಬ್ರ ಜಾಗ ಅದು" ಎನ್ನುವರು. ಇಪ್ಪತ್ತೊಂದನೆಯ ದಿನ ಏಳಕ್ಕೆ ಸರಿಯಾಗಿ ಬಂದರು. ಹಿಂದಿನ ಗಾಲಿ ಕೊಟ್ಟರು, ಸೀಟು ಒರೆಸಿದರು, ವಾಕಿಂಗ್ ಹೋದರು. ಲಾಡ್ಲೇಸಾಬ ಒಳಗೆ ಹೋಗಿ ಮೂಗು ಸೀಟಿಕೊಂಡರು.

ಕಾಲ ಓಡಿತು. ದಾನೇಶ್ವರಿ ಯಾವ ಯಾವುದೋ ರಾಜ್ಯಗಳಿಗೆ ಹೋಗಿ ಪದಕ ತಂದಳೆಂದು ಪೇಪರಿನಲ್ಲಿ ಬರುತ್ತಿತ್ತು. ಇತ್ತ ರಸ್ತೆ ಅಗಲವಾಯಿತು, ಅಂಗಡಿ ಹೋಯಿತು. ಲಾಡ್ಲೇಸಾಬ ತಮ್ಮ ಮನೆಯ ಅಂಗಳದಲ್ಲೇ ಕೆಲಸ ಇಟ್ಟುಕೊಂಡರು. ಓಣಿಯಲ್ಲಿ ಜಾಗ ಸಾಲದೆ ನನ್ನನ್ನು ಕತ್ತರಿಸಿ ಎರಡೇ ಸಂದು ಉಳಿಸಿದರು. ಮೈಗೆಲ್ಲ ತುಕ್ಕು ಹಿಡಿಯಿತು. ಈಗ ಓಣಿಯ ಜನಕ್ಕೆಲ್ಲ ಸ್ಕೂಟಿ. ನನ್ನ ಖಾಯಂ ಗಿರಾಕಿ ಎಂದರೆ ಗಲಗಲಿ ಸಾಹೇಬರೊಬ್ಬರೇ. ಅವರಿಗೂ ಮೊಣಕಾಲು ನೋವು, ಸೈಕಲ್ಲನ್ನು ತುಳಿಯುವುದಿಲ್ಲ, ತಳ್ಳಿಕೊಂಡು ಬರುತ್ತಾರೆ. ನಿಲ್ಲಿಸಿ, ಬಾಕಿನ ಮೇಲೆ ಕೂತು, ಲಾಡ್ಲೇಸಾಬರ ಜೊತೆ ಚಹಾ ಕುಡಿಯುತ್ತಾರೆ.

ಮೊನ್ನೆ ಗುರುವಾರ ಚಹಾ ಕುಡಿಯುತ್ತ ಕುಡಿಯುತ್ತ ಸಾಹೇಬರು ಕೇಳಿದರು.

"ಲಾಡ್ಲೇಸಾಬ, ಅವತ್ತು ನಾ ಇಲ್ಲೇ ಇದ್ದಿದ್ರ ನೀ ಗಾಲಿ ಕೇಳತಿದ್ದ್ಯಾ?"

"ಕೇಳತಿದ್ದೆ ಬಿಡ್ರಿ."

"ನಾ ಕೊಡತಿದ್ದಿಲ್ಲೋ. ಆ ಇಪ್ಪತ್ತು ದಿನ ನಾ ಬರಲಿಲ್ಲಲಾ, ನಿನ್ನ ಮ್ಯಾಲಿನ ಸಿಟ್ಟಿಗಲ್ಲ. ಕೇಳಿದ್ರ ನಾ ಕೊಡತಿದ್ದಿಲ್ಲ ಅನ್ನೂದು ನನಗ ಖಾತ್ರಿ ಆಗಿತ್ತು. ನಿನಗ ಮಾರಿ ತೋರಸಲಿಕ್ಕೆ ನಾಚಿಕಿ ಬಂದಿತ್ತು."

ಲಾಡ್ಲೇಸಾಬ ಚಹಾದ ಬಸಿಯನ್ನು ಕೆಳಗಿಟ್ಟರು. ಆಮೇಲೆ ತಲೆಯೆತ್ತಿದರು.

"ಹಂಗಾದ್ರ ಈಗ ಕೇಳ್ತೀನ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಹುಡುಗಿ ಅದಾಳ. ಈ ವರ್ಷ ಹಾಸ್ಟೆಲ್ ರೇಸಿಗೆ ನಿಂದರತಾಳಂತ. ಸೈಕಲ್ ಇಲ್ಲ. ನಿಮ್ಮ ಸೈಕಲ್ ಕೊಡ್ತೀರೇನ್ರಿ?"

ನಾನು ಉಸಿರು ಬಿಗಿಹಿಡಿದೆ. ಸಾಹೇಬರು ಎದ್ದರು. ನನ್ನ ಹತ್ತಿರ ಬಂದು ಜೇಬಿನಿಂದ ಬಟ್ಟೆ ತೆಗೆದು ಸೀಟು ಒರೆಸಿದರು, ಹ್ಯಾಂಡಲು ಒರೆಸಿದರು, ಬೆಲ್ಲನ್ನೂ ಒರೆಸಿದರು. ಬೀಗ ತೆಗೆದರು. ತಾವೇ ಸೈಕಲ್ಲನ್ನು ನನ್ನಿಂದ ಬಿಡಿಸಿ, ತಿರುಗಿಸಿ, ಲಾಡ್ಲೇಸಾಬರ ಕೈಗೆ ಕೊಟ್ಟರು.

"ಹಿಂದಿನ ಗಾಲಿಗೆ ಗಾಳಿ ಕಡಿಮಿ ಅದ. ಹಾಕಿ ಕೊಡು."

ಲಾಡ್ಲೇಸಾಬ ಪಂಪು ಹಿಡಿದು ಗಾಳಿ ಹೊಡೆಯತೊಡಗಿದರು. ನನಗಿದ್ದವರು ಒಬ್ಬರೇ ಗಿರಾಕಿ, ಅವರ ಸೈಕಲ್ಲೂ ಹೊರಟಿತ್ತು. ನನ್ನ ಎರಡೂ ಸಂದು ಖಾಲಿ. ಗೆಳೆಯರೇ, ನನ್ನ ಖುಷಿಯನ್ನು ನಿಮಗೆ ಹೇಗೆ ಹೇಳಲಿ!