ತಗಡಿನ ಬಿಲ್ಲೆ

ಮಗ ಗೊಂಬೆಪೆಟ್ಟಿಗೆಯ ಹಿಂಬದಿಯ ಮೊದಲ ತಿರುಪು ಬಿಚ್ಚುವಷ್ಟರಲ್ಲಿ ತಾಯಿ ಅವನ ಕೈ ಹಿಡಿದಳು.

“ಹಿಂದಿನಿಂದ ಬೇಡಪ್ಪ. ಕಾಸು ಹಾಕದೆ ಗೊಂಬೆ ಕುಣಿಸಿದರೆ ಕಳ್ಳತನ ಅಂತಿದ್ದರು ನಿಮ್ಮಪ್ಪ. ನನಗೇ ಒಂದು ದಿನ ಬಿಟ್ಟಿ ತೋರಿಸಲಿಲ್ಲ.”

“ಆ ಕಾಸು ಈಗೆಲ್ಲಿದೆಯಮ್ಮ? ಚಲಾವಣೆ ನಿಂತು ಯಾವ ಕಾಲ ಆಯ್ತು. ಮನೆಯೆಲ್ಲ ಹುಡುಕಿದೆ.”

ಕುಣಿಯುವ ಗೊಂಬೆಪೆಟ್ಟಿಗೆ ಮಾಡಿಯೇ ಬದುಕಿದ ಯಜಮಾನ ಕೆಲಸದ ಮೇಜಿನ ಪಕ್ಕ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಬಾಗಿಲಲ್ಲಿ ಶವವಾಹನ ಕಾಯುತ್ತಿತ್ತು. ಅವನು ಮಾರದೆ ಉಳಿಸಿಕೊಂಡದ್ದು ಈ ಪೆಟ್ಟಿಗೆಯೊಂದೇ: ಗಾಜಿನೊಳಗೆ ಕೊಡೆ ಹಿಡಿದ ಹುಡುಗಿ. ಅವಳ ಮೂಗು ಥೇಟ್ ಹೆಂಡತಿಯದೇ. ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅವನನ್ನು ಕರೆದೊಯ್ಯುವ ಮುಂಚೆ ಆ ಗೊಂಬೆ ಒಮ್ಮೆ ಕುಣಿಯಬೇಕು, ಅವಳ ಆಸೆ ಅಷ್ಟೇ.

“ನಾನು ನೋಡ್ತೀನಿ ಅತ್ತಿಗೆ,” ಎಂದು ಯಜಮಾನನ ಗೆಳೆಯ, ಎದುರಂಗಡಿಯ ತಗಡಿನವನು, ಜೇಬಿನಿಂದ ಬಿಲ್ಲೆಯೊಂದನ್ನು ತೆಗೆದ.

“ಇವತ್ತೂನಾ?” ಎಂದಳು. ಅಳುವಿನ ನಡುವೆಯೂ ಅವಳಿಗೆ ನಗು ಬಂತು.

*

ಯಜಮಾನ ಗಟ್ಟಿಯಾಗಿದ್ದ ಕಾಲದಲ್ಲಿ ಪೆಟ್ಟಿಗೆ ಅಂಗಡಿಯ ಮುಂದೆಯೇ ಇರುತ್ತಿತ್ತು. ತಗಡಿನವನು ಕಾಸಿನಳತೆಗೆ ತಗಡು ಕತ್ತರಿಸಿ ತಂದು ಸೀಳಿನಲ್ಲಿ ಬಿಡುತ್ತಿದ್ದ. ಒಳಗಿದ್ದ ಪುಟ್ಟ ತಕ್ಕಡಿ, ತೂಕ ಸಾಲದ್ದನ್ನು ಕೆಳಗಿನ ಕಿಂಡಿಯಿಂದ ಟಣ್ಣನೆ ವಾಪಸ್ ಕಳಿಸುತ್ತಿತ್ತು. ಇವನು ಬಿಲ್ಲೆ ದಪ್ಪ ಮಾಡಿದರೆ ಯಜಮಾನ ಸೀಳು ಕಿರಿದು ಮಾಡುತ್ತಿದ್ದ. ಇವನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ.

“ತೂಕಕ್ಕೆ ಸೀಸ ಸೇರಿಸೋದು ಮೋಸ. ಬರೀ ತಗಡಲ್ಲಿ ಗೆಲ್ಲು, ನೋಡೋಣ,” ಎನ್ನುತ್ತಿದ್ದ ಯಜಮಾನ. “ಮೊದಲು ಚಹಾ ಕುಡಿ. ಸೋಲೋದಕ್ಕೂ ತ್ರಾಣ ಬೇಕು.”

ಇಬ್ಬರ ತಲೆಯೂ ನರೆಯಿತು, ಗೊಂಬೆ ಮಾತ್ರ ತಗಡಿಗೆ ಕುಣಿಯಲಿಲ್ಲ.

*

ಇವತ್ತೂ ಬಿಲ್ಲೆ ಟಣ್ಣನೆ ತಗಡಿನವನ ಅಂಗೈಗೆ ಬಿತ್ತು.

“ನೋಡಿದಿರಾ ಅತ್ತಿಗೆ, ಹೋದ ಮೇಲೂ ಬಿಡ್ತಿಲ್ಲ.”

“ಸಾಕು ಬಿಡಿ ಚಿಕ್ಕಪ್ಪ, ಗಾಡಿಯವರು ಕರೀತಿದ್ದಾರೆ,” ಎಂದ ಮಗ. ತಾಯಿ ಗಾಜನ್ನು ಸೆರಗಿನಿಂದ ಒರೆಸುತ್ತ ನಿಂತಳು.

ತಗಡಿನವನು ಅವಳನ್ನೊಮ್ಮೆ ನೋಡಿದ. ಆಮೇಲೆ ಗೆಳೆಯನ ಮೇಜಿನ ಮೇಲೆಯೇ ಬಿಲ್ಲೆಗೆ ತೂತು ಕೊರೆದು, ಸೀಸ ಕರಗಿಸಿ ತುಂಬಿ, ಅರದಿಂದ ಉಜ್ಜಿ ಸಮ ಮಾಡಿದ.

“ಇವತ್ತೊಂದು ದಿನ ಮೋಸ ಮಾಡ್ತೀನಿ ಕಣೋ,” ಎಂದ, ಹೊದಿಕೆಯ ಕಡೆ ನೋಡದೆ.

ಬಿಲ್ಲೆ ಒಳಗಿಳಿಯಿತು. ಹಲ್ಲುಚಕ್ರ ಕಿರುಗುಟ್ಟಿತು, ಕೊಡೆ ಅಲುಗಿತು, ಹುಡುಗಿ ನಿಧಾನಕ್ಕೆ ಸುತ್ತತೊಡಗಿದಳು. ಹೆಂಡತಿ ಗಾಜಿಗೆ ಹಣೆಯಾನಿಸಿದಳು. ಹೊರಗಿದ್ದವರೂ ಒಳಗೆ ಬಂದು ಗೊಂಬೆಯನ್ನೇ ನೋಡುತ್ತ ನಿಂತರು.

ತಗಡಿನವನು ಮಾತ್ರ ಕೆಳಗಿನ ಕಿಂಡಿಗೆ ಅಂಗೈಯೊಡ್ಡಿಕೊಂಡು ಕೂತೇ ಇದ್ದ.